ಪರವಾ ಎಂದರೆ ಯಾವ ದಿನ

ಬುಧವಾರ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಸ್ ಸ್ಟ್ಯಾಂಡಿನ ಹಮಾಲನೊಬ್ಬ ರವಿವಾರ ಪೇಟೆಯ ಉಣ್ಣೆ ಸಂಘದ ಮೆಟ್ಟಿಲು ಹತ್ತಿ ಬಂದ. ಖಾನಾಪುರದ ಕಂಡಕ್ಟರು ಕೊಟ್ಟದ್ದೆಂದು ಹೇಳಿ ಸಿದ್ದಕ್ಕನ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೋದ. ಹೆಂಚಿನ ಅಂಗಡಿಯ ಬಿಲ್ಲಿನ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದ ನಾಲ್ಕು ಸಾಲು ಮರಾಠಿ. ಪರವಾದ ವಾದಳದಲ್ಲಿ ಹೆಂಚು ಹಾರಿದ ಮನೆ ನಾಲ್ಕು. ಬಿದ್ದ ಮರ ಎರಡು. ಕುರಿಗಳಿಗೆ ಏನೂ ಆಗಿಲ್ಲ. ಮಾಯಪ್ಪ ಇವತ್ತು ಕತ್ತರಿ ಹಾಕುತ್ತಾನೆ.

ಸಿದ್ದಕ್ಕ ಅದನ್ನು ಎರಡು ಸಲ ಓದಿದಳು. ವಾದಳವೆಂದರೆ ಬಿರುಗಾಳಿ. ಅವಳು ಖಾನಾಪುರಕ್ಕೆ ತಿಳಿಸಿದ್ದ ಬಿರುಗಾಳಿ ಇನ್ನೂ ಬಂದಿರಲಿಲ್ಲ. ಅದು ಗೋವೆಯಾಚೆ ಸಮುದ್ರದ ಮೇಲಿತ್ತು.

ಅದು ಎಂಬತ್ತಾರನೆಯ ಇಸವಿಯ ನವೆಂಬರ್. ಇನ್ಸಾಟ್ ಉಪಗ್ರಹ ಮೇಲಿನಿಂದ ಮೋಡಗಳ ಚಿತ್ರ ಕಳಿಸತೊಡಗಿ ಮೂರು ವರ್ಷವಾಗಿತ್ತು. ಆ ಚಿತ್ರಗಳು ಬೆಳಗಾವಿಗೆ ಬರುತ್ತಿರಲಿಲ್ಲ. ದೊಡ್ಡ ಕಚೇರಿಗಳಲ್ಲಿ ಕುಳಿತವರು ಅವನ್ನು ನೋಡಿ ಬರೆದ ಒಕ್ಕಣೆ ಮಾತ್ರ ಸಾಂಬ್ರಾದ ವಿಮಾನ ನಿಲ್ದಾಣದ ಬದಿಯ ಹವಾಮಾನ ವೀಕ್ಷಣಾಲಯಕ್ಕೆ ತಲುಪುತ್ತಿತ್ತು. ಅಲ್ಲಿನ ವೀಕ್ಷಕ ಗುರುಪುತ್ರಪ್ಪ ಹಿಂದವಾಡಿಯಲ್ಲಿ ಸಿದ್ದಕ್ಕನ ಪಕ್ಕದ ಮನೆಯವನು. ಮುನ್ಸೂಚನೆ ಹೇಳುವ ಅಧಿಕಾರ ಅವನಿಗಿರಲಿಲ್ಲ. ಉಷ್ಣತೆ, ಒತ್ತಡ, ಮಳೆ ಅಳೆದು ಮೇಲಕ್ಕೆ ಕಳಿಸುವುದು ಅವನ ಕೆಲಸ. ಆದರೆ ಮೇಲಿನಿಂದ ಬಂದ ಒಕ್ಕಣೆಯನ್ನು ಕೇಳಿದವರಿಗೆ ಓದಿ ಹೇಳಲು ಯಾರ ಅಡ್ಡಿಯೂ ಇರಲಿಲ್ಲ. ಎರಡು ವರ್ಷದಿಂದ ಕೇಳುತ್ತಿದ್ದವಳು ಸಿದ್ದಕ್ಕ ಒಬ್ಬಳೇ.

ಕುರಿ ಕಾಯುವವರ ಮನೆಯಿಂದ ಬಂದು ಕುರ್ಚಿಯ ಮೇಲೆ ಕೂತು ಪಗಾರ ತರುವ ಮೊದಲ ಹೆಣ್ಣುಮಗಳು ಅವಳು. ಭತ್ತ ಕೊಯ್ದ ಮೇಲೆ ಹಿಂಡುಗಳು ಖಾನಾಪುರದ ಕಡೆ ಮೇಯಲು ಹೋಗುತ್ತವೆ. ಅವಳ ಕಾಕಾ ಮಾಯಪ್ಪನ ಹಿಂಡು ಮಲಪ್ರಭೆಯ ದಂಡೆಯಲ್ಲಿ ಬೀಡುಬಿಟ್ಟಿತ್ತು. ಮುನ್ನೂರ ಹನ್ನೆರಡು ಕುರಿ. ದೀಪಾವಳಿ ಮುಗಿದು ಉಣ್ಣೆ ಕತ್ತರಿಸುವ ಸಮಯ. ಕತ್ತರಿಸಿದ ಕುರಿಯ ಮೈಮೇಲೆ ಏಳೆಂಟು ದಿನ ಏನೂ ಇರುವುದಿಲ್ಲ. ಬಿಸಿಲಿದ್ದರೆ ತೊಂದರೆಯಿಲ್ಲ. ಗಾಳಿಯೊಡನೆ ಒಂದು ರಾತ್ರಿ ಮಳೆ ಹೊಡೆದರೆ ಅದು ನಡುಗುತ್ತದೆ, ಮೊಣಕಾಲೂರುತ್ತದೆ, ಮತ್ತೆ ಏಳುವುದಿಲ್ಲ.

ಮಂಗಳವಾರ ಬೆಳಿಗ್ಗೆ ಗುರುಪುತ್ರಪ್ಪ ಓದಿ ಹೇಳಿದ್ದು ಇಷ್ಟು: ಅರಬ್ಬಿ ಸಮುದ್ರದ ಮೇಲೆ ದುಂಡಗಿನ ಮೋಡದ ರಾಶಿ ಚಿತ್ರದಲ್ಲಿ ಕಂಡಿದೆ, ಅದು ದಂಡೆಯ ಕಡೆ ತಿರುಗಿದೆ, ಗುರುವಾರ ಘಟ್ಟದ ಮೇಲೆ ಬಿರುಗಾಳಿ, ಭಾರಿ ಮಳೆ. ಸಿದ್ದಕ್ಕ ತಕ್ಷಣ ಖಾನಾಪುರಕ್ಕೆ ಫೋನು ಹಚ್ಚಿಸಿದಳು. ಅಲ್ಲಿ ಸಂಘಕ್ಕೆ ಸ್ವಂತ ಫೋನಿರಲಿಲ್ಲ. ಹೆಂಚಿನ ಭಟ್ಟಿ ಇಟ್ಟುಕೊಂಡಿದ್ದ ಪುಂಡಲೀಕ ತನ್ನ ಅಂಗಡಿಯ ಫೋನಿನಲ್ಲಿ ಸುದ್ದಿ ಹಿಡಿದು ಹಿಂಡಿನವರಿಗೆ ಮುಟ್ಟಿಸುತ್ತಿದ್ದ. ತಂತಿಯಲ್ಲಿ ಗೊರಗೊರ ಸದ್ದು. ಕನ್ನಡದಲ್ಲಿ ಎರಡು ಸಲ ಹೇಳಿದರೂ ಅವನು ಮರಾಠಿಯಲ್ಲಿ "ಕಾಯ? ಕಾಯ?", ಏನು, ಏನು ಎಂದೇ ಕೇಳಿದ. ಆಗ ಅವಳು ಮರಾಠಿಗೆ ಹೊರಳಿದಳು. ಪರವಾ ವಾದಳ ಬರುತ್ತದೆ, ಕುರಿಗಳನ್ನು ದಂಡೆಯಿಂದ ಮೇಲೆ ಒಯ್ಯಿರಿ, ಕತ್ತರಿ ಹಾಕಬೇಡಿ, ಮಾಯಪ್ಪನಿಗೆ ತಿಳಿಸಿರಿ. ಅತ್ತ ಕಡೆಯಿಂದ "ಬರಂ, ಬರಂ", ಆಯಿತು, ಆಯಿತು ಎಂದಿತು. ತಂತಿ ಕಡಿಯಿತು.

ಮರಾಠಿಯಲ್ಲಿ ಪರವಾ ಎಂದರೆ ನಾಡಿದ್ದು. ಪರವಾ ಎಂದರೆ ಮೊನ್ನೆ ಕೂಡ. ಮಾತಿನ ಕೊನೆಗೆ ಬರುವ ಕ್ರಿಯಾಪದ ಯಾವ ದಿನವೆಂದು ಹೇಳುತ್ತದೆ, ಅದು ಕೇಳದಿದ್ದರೆ ಪರವಾ ಎರಡೂ ಕಡೆ ಹೊರಳುತ್ತದೆ. ಮತ್ತು ಮೊನ್ನೆ ರವಿವಾರ ಸಂಜೆ ಖಾನಾಪುರದಲ್ಲಿ ಅರ್ಧ ತಾಸು ಗುಡುಗು ಗಾಳಿ ಬೀಸಿ ನಾಲ್ಕು ಮನೆಗಳ ಹೆಂಚು ಹಾರಿದ್ದವು. ಪುಂಡಲೀಕನಿಗೆ ಕೇಳಿದ್ದು ಮೂರೇ ಮಾತು: ಪರವಾ ವಾದಳ, ಕುರಿ, ತಿಳಿಸಿ. ಮೊನ್ನೆಯ ಗಾಳಿಯಲ್ಲಿ ಕುರಿಗಳಿಗೆ ಏನಾಯಿತೆಂದು ಸಂಘದವರು ಕೇಳುತ್ತಿದ್ದಾರೆಂದು ತಿಳಿದು, ಪಾಪ, ಅವನು ಮುತುವರ್ಜಿಯಿಂದ ಹಾನಿಯ ಲೆಕ್ಕ ಕಳಿಸಿದ್ದ.

ಸಿದ್ದಕ್ಕ ಫೋನೆತ್ತಿದಳು. ಖಾನಾಪುರದ ಲೈನು ಸತ್ತಿದೆ ಎಂದು ಎಕ್ಸ್‌ಚೇಂಜಿನವಳು ಹೇಳಿದಳು. ಯಾವಾಗ ಸರಿಯಾಗುತ್ತದೆಂದು ಕೇಳಿದ್ದಕ್ಕೆ, "ಅದನ್ನ ಲೈನಮನ್‌ಗೆ ಕೇಳ್ರಿ, ನಾ ಏನ ಕಂಬ ಹತ್ತಲೇನು?" ಎಂದಳು. ಸಾಂಬ್ರಾದ ಲೈನು ಸಿಗಲು ನಲವತ್ತು ನಿಮಿಷ ಹಿಡಿಯಿತು.

ಗುರುಪುತ್ರಪ್ಪ ಎಂದಿಗಿಂತ ಮೆಲ್ಲಗೆ ಮಾತಾಡಿದ. "ನಾನ ಫೋನ ಮಾಡಾಕತ್ತಿದ್ದೆ ನಿನಗ. ಈಗ ಹೊಸಾ ಒಕ್ಕಣಿ ಬಂತು. ಅದರ ಓಟ ಹೆಚ್ಚಾಗೇತಿ. ಗುರುವಾರ ಅಲ್ಲ, ಇವತ್ತ ಸಂಜಿಕ."

"ಸಂಜಿಕ ಅಂದ್ರ ಎಷ್ಟಕ್ಕ?"

"ಅವರು ಸಂಜಿ ಅಂತಷ್ಟ ಬರದಾರ. ನಾ ಹನ್ನೊಂದೂವರಿ ರೀಡಿಂಗ್ ತಗೊಂಡೆ. ಒತ್ತಡ ದಿನಾ ಹತ್ತಕ್ಕ ಏರಿ ಆಮ್ಯಾಲ ಸ್ವಲ್ಪ ಇಳೀತೈತಿ. ಇವತ್ತ ಏರಲೇ ಇಲ್ಲ. ಮೂರು ಮಿಲಿಬಾರ್ ಕಡಿಮಿ ಐತಿ. ಐದು ಗಂಟೆ ಅಂತ ಹಿಡಿ. ನಾ ಹೇಳಿದ್ನಿ ಅನ್ನಬ್ಯಾಡ."

"ಇಲ್ಲಿ ಬಿಸಲ ಬಿದ್ದೇತಲ್ಲೋ ಮಾರಾಯಾ."

"ನಮ್ಮ ಅಂಗಳದಾಗೂ ಬಿದ್ದೇತಿ. ಚಿತ್ರ ತಗದವರು ಅಂಗಳದಾಗ ನಿಂತಿಲ್ಲ."

ಸಂಘದ ಕಾರ್ಯದರ್ಶಿ ಬಾಳಪ್ಪನವರು ಒಳಕೋಣೆಯಲ್ಲಿ ಕನ್ನಡಕ ಒರೆಸುತ್ತ ಎಲ್ಲ ಕೇಳಿಸಿಕೊಂಡಿದ್ದರು. ಕೆಟ್ಟ ಮನುಷ್ಯರಲ್ಲ. ಕಾಗದದಲ್ಲಿ ಏನು ಉಳಿಯುತ್ತದೆ ಎಂಬುದರ ಮೇಲೆ ಅವರ ಕಣ್ಣು ಯಾವಾಗಲೂ ಇರುತ್ತಿತ್ತು.

"ಹೋಗು ತಂಗಿ, ಹನ್ನೆರಡೂವರಿ ಬಸ್ಸ ಐತಿ," ಎಂದರು. "ಆದ್ರ ಅಲ್ಲಿ ಸಂಘ ಹೇಳೇತಿ ಅನಬ್ಯಾಡ. ಗಾಳಿ ಬರಲಿಲ್ಲಂದ್ರ ಕತ್ತರಿ ನಿಲ್ಲಿಸಿದ್ದು ಯಾರು ಅಂತ ನಾಳೆ ಇಲ್ಲಿ ಬಂದು ಕುಂದರ್ತಾರ."

"ಗಾಳಿ ಬಂದ್ರ?"

ಬಾಳಪ್ಪನವರು ಕನ್ನಡಕ ಹಾಕಿಕೊಂಡರು.

ಬಸ್ಸು ಪಿರನವಾಡಿ ದಾಟಿದ ಮೇಲೂ ಆಕಾಶ ತೊಳೆದಿಟ್ಟಂತಿತ್ತು. ಎರಡೂ ಬದಿಯ ಗದ್ದೆಗಳಲ್ಲಿ ಕೊಯ್ದ ಭತ್ತ ಸಿವುಡು ಸಿವುಡಾಗಿ ಒಣಗುತ್ತಿತ್ತು. ಅವನ್ನು ಕಂಡಾಗಲೆಲ್ಲ ಬಸ್ಸಿನಿಂದಿಳಿದು ಕೂಗಿ ಹೇಳಬೇಕೆನಿಸುತ್ತಿತ್ತು ಅವಳಿಗೆ. ಆದರೆ ಯಾರ ಹೆಸರಿನಲ್ಲಿ ಹೇಳುವುದು? ದಾರಿಯಲ್ಲಿ ಕೈ ಮಾಡಿದವರಿಗೆಲ್ಲ ಡ್ರೈವರ್ ಬಸ್ಸು ನಿಲ್ಲಿಸಿದ. ಒಂದು ಕಡೆ ಕೋಳಿಬುಟ್ಟಿ ಇಳಿಸಲು ಐದು ನಿಮಿಷ ಹೋಯಿತು. ಒಂದು ಮುಕ್ಕಾಲಿಗೆ ಖಾನಾಪುರ. ಪಡುವಣ ಗುಡ್ಡಗಳ ತುದಿಯಲ್ಲಿ ತೆಳುವಾದ ಬಿಳಿ ಗೆರೆಗಳು, ಬಾಚಣಿಕೆಯಿಂದ ಎಳೆದ ಹಾಗೆ. ಅಷ್ಟೇ.

ಪುಂಡಲೀಕ ಅಂಗಡಿಯ ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುತ್ತಿದ್ದ. "ಯಾ, ಯಾ ಬಾಯಿ! ಚೀಟಿ ಮುಟ್ತು?" ಎಂದು ಬರಮಾಡಿಕೊಂಡು ನಕ್ಕ.

"ಪುಂಡಲೀಕಣ್ಣಾ, ನಾ ಹೇಳಿದ್ದು ಮೊನ್ನಿದಲ್ಲ. ಬರೂದು."

ಅವನ ದವಡೆ ನಿಂತಿತು. ಆಮೇಲೆ ಎದ್ದು ರಸ್ತೆಯ ಅಂಚಿಗೆ ಹೋಗಿ ಉಗುಳಿ ಬಂದ. "ತಾರೀಖ ಹೇಳಬೇಕೋ ಬ್ಯಾಡೋ? ತೇರಾ ಅನ್ನಬೇಕಿತ್ತು, ಹದಿಮೂರು ಅನ್ನಬೇಕಿತ್ತು. ಪರವಾ ಅಂದ್ರ ನಾ ಯಾವ ಪರವಾ ಅಂತ ತಿಳಕೋಬೇಕು? ಮೊನ್ನಿ ಗಾಳಿಗೆ ನನ್ನ ಛಪ್ಪರಾನ ಹಾರೇತಿ!"

"ತಪ್ಪು ನಂದು. ಸೈಕಲ್ ಕೊಡ್ರಿ."

"ಸೈಕಲ್ಲಾ? ಸೀರಿ ಉಟಗೊಂಡು?" ಅವನು ಒಳಗೆ ಕೂಗಿ ಹೆಂಚು ಸಾಗಿಸುವ ಟೆಂಪೊದ ಕೀಲಿ ತರಿಸಿದ. "ಹತ್ತರಿ. ಹೊಳಿದಂಡಿ ತನಕಾ ಹೋಗತೈತಿ ಇದು. ಮುಂದಿಂದು ನಿಮ್ಮ ಕಾಕಾನ್ನ ಕೇಳ್ರಿ."

ದಂಡೆಯ ಮೇಲೆ ಒಂಬತ್ತು ಜನ ಕತ್ತರಿ ಆಡಿಸುತ್ತಿದ್ದರು. ಕಪ್ಪು ಉಣ್ಣೆಯ ಗುಪ್ಪೆಗಳು ಕಂಬಳಿಗಳ ಮೇಲೆ ಬಿದ್ದಿದ್ದವು. ಕತ್ತರಿಸಿದ ಕುರಿಗಳು ಬೇರೆ ನಿಂತಿದ್ದವು, ತೆಳ್ಳಗೆ, ಬೂದು ಬಣ್ಣದಲ್ಲಿ, ಒಂದರ ಗುರುತು ಇನ್ನೊಂದಕ್ಕೆ ಹತ್ತದಂತೆ ಮೂಸಿ ನೋಡುತ್ತ. ಸಿದ್ದಕ್ಕ ಟೆಂಪೊದಿಂದ ಇಳಿಯುತ್ತಲೇ ಎಣಿಸಿದಳು. ನೂರು ದಾಟಿದ್ದವು.

ಮಾಯಪ್ಪ ತಲೆಯೆತ್ತದೆ ಒಂದು ಟಗರಿನ ಹೊಟ್ಟೆಯಡಿ ಕತ್ತರಿ ನಡೆಸುತ್ತಿದ್ದ. "ಬಾ ಯವ್ವಾ. ಪಗಾರದ ಮಂದಿ ಕುರಿ ನೋಡಾಕ ಬಂದ್ರು ಅಂದ್ರ ಮಳಿ ಬರತೈತಿ ನೋಡ," ಎಂದ. ಸುತ್ತಲಿನವರು ನಕ್ಕರು.

"ಮಳೀನ ಬರತೈತಿ ಕಾಕಾ. ಐದ ಗಂಟೆಕ್ಕ. ಗಾಳಿ ಕೂಡ. ಕತ್ತರಿ ನಿಲ್ಲಸು."

ಈಗ ಅವನು ತಲೆಯೆತ್ತಿದ. ಅವಳನ್ನಲ್ಲ, ಆಕಾಶವನ್ನು ನೋಡಿದ. "ಪುಂಡಲೀಕ ನಿನ್ನೆ ಬಂದು ಮೊನ್ನಿ ಗಾಳಿದು ಕೇಳಿಕೊಂಡು ಹ್ವಾದ. ಆಗಿ ಹೋದದ್ದು ಕೇಳತಾರಂದ್ರ ಆಕಾಶ ಬಿಚ್ಚೇತಿ ಅಂತ ತಿಳದು ನಾ ಮುಂಜಾನಿ ಕುರಿ ತೊಳಸಿದೆ. ಈಗ ಬಂದು ನಿಲ್ಲಸಂತಿ?"

"ಅವರು ತಪ್ಪು ತಿಳಕೊಂಡ್ರು. ತಪ್ಪಾಗಿ ಹೇಳಿದಾಕಿ ನಾ."

"ಏನಂತ ಹೇಳಿದ್ದಿ?"

ಅವಳು ಹೇಳಿದಳು. ಪರವಾ ಎಂಬ ಮಾತು ಕೇಳಿ ಒಬ್ಬಿಬ್ಬರು ನಕ್ಕರು, ಉಳಿದವರು ನಗಲಿಲ್ಲ. ಮಾಯಪ್ಪ ಕತ್ತರಿಯ ತುದಿಯನ್ನು ಕಂಬಳಿಗೆ ಒರೆಸಿದ.

"ಇವರೆಲ್ಲಾ ಮುಯ್ಯಿಗೆ ಬಂದಾರ," ಎಂದ. "ಇವತ್ತ ನಂದು, ನಾಳೆ ರಾಯಪ್ಪಂದು, ನಾಡದ ಬೀರಣ್ಣಂದು. ಇವತ್ತ ನಿಲ್ಲಿಸಿದ್ರ ನನ್ನ ಪಾಳಿ ಹೋತು. ಇನ್ನೂರು ಕುರಿ ನಾ ಒಬ್ಬನ ಕತ್ತರಸಲೇನು? ಆ ನಿನ್ನ ಉಪಗ್ರಹ ಬಂದು ಕಾಲ ಹಿಡಕೊಳ್ಳತೈತೇನು?"

"ನಾ ಹಿಡಕೊಳ್ಳತೀನಿ. ಗಾಳಿ ಬರಲಿಲ್ಲಂದ್ರ ರಜಾ ಹಾಕಿ ಇಲ್ಲೇ ಇರತೀನಿ, ಎಲ್ಲಾ ಮುಗಿಯೂತನಕಾ. ಆದ್ರ ಈಗ ಕತ್ತರಸಿದ್ದು ಎಷ್ಟ ಅದಾವ ಹೇಳು."

"ನೂರಾ ಹದಿನೆಂಟು," ಎಂದಳು ಅವನ ಹೆಂಡತಿ ಭರಮವ್ವ. ಅವಳು ಉಣ್ಣೆ ಕಟ್ಟುವುದನ್ನು ಬಿಟ್ಟು ಎದ್ದು ನಿಂತಿದ್ದಳು. ಗಂಡನ ಕಡೆ ತಿರುಗಿ, "ಆಕಿ ಬಸ್ಸಿನ್ಯಾಗ ಉಪಾಸ ಓಡಿ ಬಂದಾಳ, ಹುಗ್ಗಿ ಉಣ್ಣಾಕ ಬಂದಿಲ್ಲ. ಖೋಟೆ ಇದ್ರ ಪಾಳಿ ಹೋಗತೈತಿ. ಖರೇ ಇದ್ರ?" ಎಂದಳು.

ಮಾಯಪ್ಪನ ಮೊಣಕಾಲ ನಡುವಿನ ಟಗರಿನ ಅರ್ಧ ಮೈ ಬೋಳಾಗಿತ್ತು, ಅರ್ಧ ಮೈಮೇಲೆ ಉಣ್ಣೆಯಿತ್ತು. ಅವನು ಅದನ್ನು ಹಾಗೆಯೇ ಬಿಟ್ಟು ಎದ್ದ.

"ಕತ್ತರಿ ಇಡ್ರೆಪಾ," ಎಂದ.

ಉಣ್ಣೆಯಿದ್ದ ಕುರಿಗಳನ್ನು ನಾಲ್ಕು ಜನ ಗುಡ್ಡದ ಓರೆಗೆ ಹೊಡೆದುಕೊಂಡು ಹೋದರು. ಕತ್ತರಿಸಿದವಕ್ಕೆ ಸೂರು ಬೇಕಾಗಿತ್ತು. ಸುತ್ತ ಎಲ್ಲೂ ನೂರು ಕುರಿ ಹಿಡಿಸುವ ಮನೆಯಿರಲಿಲ್ಲ. ಶಾಲೆಗೆ ಬೀಗ, ಮಾಸ್ತರರು ಊರಿಗೆ ಹೋಗಿದ್ದರು. ಎಲ್ಲರೂ ಒಬ್ಬೊಬ್ಬರಾಗಿ, ಟೆಂಪೊ ನಡೆಸಿ ತಂದಿದ್ದ ಪುಂಡಲೀಕನ ಕಡೆ ನೋಡಿದರು. ಅವನ ಭಟ್ಟಿಯ ಬದಿಗೆ ಹಸಿ ಹೆಂಚು ಒಣಗಿಸುವ ಉದ್ದನೆಯ ಶೆಡ್ಡು ಇತ್ತು. ನೆಲದಿಂದ ತೊಲೆಯವರೆಗೆ ಹಲಗೆಗಳು, ಹಲಗೆಗಳ ಮೇಲೆ ಸುಡದ ಹೆಂಚು.

"ನನ್ನ ಮಾರಿ ಯಾಕ ನೋಡತೀರಿ?" ಎಂದ ಪುಂಡಲೀಕ. "ಎರಡ ಸಾವಿರ ಹೆಂಚ ಅದಾವ ಅದರಾಗ. ಹಸೀ ಮಣ್ಣ. ಹೊರಗ ಇಟ್ರ ಮಳಿಗಿ ಕೆಸರ ಆಗತಾವ."

ಹಿಂಡು ಕೂಗುತ್ತಿತ್ತು.

"ಎರಡ ಸಾವಿರ," ಎಂದು ಅವನು ಮತ್ತೊಮ್ಮೆ, ತನಗೇ ಹೇಳಿಕೊಂಡ. ಆಮೇಲೆ ಟೆಂಪೊದ ಬಾಗಿಲು ತೆರೆದ. "ಚಲಾ. ಹಲಗಿ ಕೆಡವಾಕ ಕೈ ಬೇಕು, ಬರ್ರಿ ಎಲ್ಲಾರೂ."

ಮೂರು ಗಂಟೆಯಿಂದ ನಾಲ್ಕೂಕಾಲಿನವರೆಗೆ ಭಟ್ಟಿಯ ಆಳುಗಳೂ ಸೇರಿ ಹನ್ನೊಂದು ಜನ ಹಸಿ ಹೆಂಚು ಹೊರಗೆ ಸಾಗಿಸಿದರು. ಮೊದಮೊದಲು ಒಂದೊಂದನ್ನೇ ಹುಷಾರಾಗಿ ಇಟ್ಟರು. ಗುಡ್ಡಗಳ ತುದಿಯ ಆ ಬಿಳಿ ಗೆರೆಗಳು ಅಷ್ಟರಲ್ಲಿ ಕೂಡಿಕೊಂಡು ಪಡುವಣ ದಿಕ್ಕು ಪೂರ್ತಿ ಹಾಲಿನಂತೆ ಬೆಳ್ಳಗಾಗಿತ್ತು, ಬಿಸಿಲಿಗೆ ನೆರಳೇ ಬೀಳುತ್ತಿರಲಿಲ್ಲ. ಪುಂಡಲೀಕ ಒಮ್ಮೆ ತಲೆಯೆತ್ತಿ ನೋಡಿದ. ಆಮೇಲೆ ಹೆಂಚುಗಳನ್ನು ತಾನೇ ಮೊದಲು ಎಸೆಯತೊಡಗಿದ. ಸಿದ್ದಕ್ಕನ ಬೆರಳುಗಳ ಸಂದಿಯಲ್ಲಿ ಮಣ್ಣು ಗಟ್ಟಿಯಾಯಿತು. ಐದಕ್ಕೆ ಹತ್ತು ನಿಮಿಷವಿರುವಾಗ ಕೊನೆಯದಾಗಿ ಆ ಅರ್ಧ ಬೋಳು ಟಗರು ಒಳಗೆ ಬಂತು. ಐದಾಯಿತು. ಐದೂಕಾಲಾಯಿತು. ಎಲೆ ಅಲ್ಲಾಡಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ಮಾಯಪ್ಪ ಕೈಕಟ್ಟಿ ನಿಂತಿದ್ದ. ಅವನು ಏನಾದರೂ ಕೇಳಿದ್ದರೆ ವಾಸಿಯಿತ್ತೆಂದು ಸಿದ್ದಕ್ಕನಿಗೆ ಅನಿಸಿತು. ಹೊರಗೆ ಮುರಿದ ಹಸಿ ಹೆಂಚುಗಳ ರಾಶಿ ಇತ್ತು. ಅದನ್ನು ನೋಡಬಾರದೆಂದು ಅವಳು ಕುರಿಗಳನ್ನು ನೋಡುತ್ತಿದ್ದಳು.

ಐದು ಮೂವತ್ತೈದಕ್ಕೆ ಗಾಳಿ ಬಂತು. ದೂರದಲ್ಲಿ ಗೂಡ್ಸ್ ರೈಲು ಬಂದ ಹಾಗೆ ಕೇಳಿತು. ಲೋಂಡಾದ ಕಡೆಯಿಂದ ಬರುವ ಗಾಡಿಯಿರಬೇಕೆಂದು ಯಾರೋ ಅಂದರು. ಅವರ ಮಾತು ಮುಗಿಯುವ ಮೊದಲು ಭಟ್ಟಿಯ ಬದಿಯ ಮಾವಿನ ಮರ ಬಾಗಿ, ಮತ್ತೆ ನೆಟ್ಟಗಾಗಲಿಲ್ಲ. ಮಳೆ ಮೇಲಿನಿಂದ ಬೀಳಲಿಲ್ಲ, ಅಡ್ಡ ಬಂದು ಗೋಡೆಗೆ ಬಡಿಯಿತು. ಪಡುವಣ ಬದಿಯ ಸೂರಿನ ಹೆಂಚು ಒಂದೊಂದಾಗಿ ಎದ್ದು ಹೋದವು. ಮಾಯಪ್ಪ, ಪುಂಡಲೀಕ, ಉಳಿದವರು ಕೆಡವಿದ್ದ ಹಲಗೆಗಳನ್ನು ಆ ತುದಿಗೆ ಅಡ್ಡ ಹಿಡಿದು ಬೆನ್ನು ಕೊಟ್ಟು ನಿಂತರು. ಭರಮವ್ವ ಮತ್ತು ಸಿದ್ದಕ್ಕ ಕುರಿಗಳನ್ನು ಇನ್ನೊಂದು ತುದಿಗೆ ಒತ್ತಿ ಒತ್ತಿ ನಿಲ್ಲಿಸಿದರು, ಒಂದರ ಮೈಶಾಖ ಇನ್ನೊಂದಕ್ಕೆ ಹತ್ತಲೆಂದು. ತೆರೆದ ತುದಿಯಲ್ಲಿದ್ದವು ನೆನೆದವು. ಟೆಂಪೊದಲ್ಲಿ ತಂದಿದ್ದ ಕತ್ತರಿಸಿದ ಉಣ್ಣೆಯನ್ನೇ ಅವುಗಳ ಮೇಲೆ ಹೊದಿಸಿದರು. ನಿಲ್ಲಲಿಲ್ಲ, ಜಾರಿ ಬಿತ್ತು.

ಬೆಳಗಿನ ಏಳಕ್ಕೆ ಮಳೆ ಹನಿಯಾಗಿ ನಿಂತಿತು. ದಂಡೆಯ ಮೇಲೆ ನಿನ್ನೆ ಕಂಬಳಿ ಹಾಸಿದ್ದ ಜಾಗದಲ್ಲಿ ಹೊಳೆ ಕೆಂಪಗೆ ಹರಿಯುತ್ತಿತ್ತು. ಗುಡ್ಡದ ಓರೆಯ ಕುರಿಗಳು ಎಲ್ಲ ಇದ್ದವು. ಶೆಡ್ಡಿನ ಪಡುವಣ ತುದಿಯಲ್ಲಿ ಸತ್ತವು ಸಾಲಾಗಿ ಬಿದ್ದಿದ್ದವು. ಪುಂಡಲೀಕನ ಎರಡು ಸಾವಿರ ಹೆಂಚು ಒಂದೇ ಕೆಸರಿನ ದಿಬ್ಬವಾಗಿತ್ತು. ಅವನು ಅದರ ಸುತ್ತ ಒಂದು ಸಲ ತಿರುಗಿ ಬಂದು ಚಹಾಕ್ಕೆ ಒಲೆ ಹೂಡತೊಡಗಿದ.

ಸಿದ್ದಕ್ಕ ಅವನ ಬಿಲ್ ಪುಸ್ತಕದಿಂದ ಎರಡು ಹಾಳೆ ಕೇಳಿ ಪಡೆದು, ಮಡಿಲ ಮೇಲೆ ಹಲಗೆಯ ತುಂಡಿಟ್ಟುಕೊಂಡು ವರದಿ ಬರೆಯಲು ಕೂತಳು. ಒಂದು ಸಂಘಕ್ಕೆ, ಒಂದು ಗುರುಪುತ್ರಪ್ಪನಿಗೆ. ಉಪಗ್ರಹದ ಚಿತ್ರ ನೋಡುವವರಿಗೆ ಕೆಳಗೆ ಏನಾಯಿತು, ಎಷ್ಟು ಗಂಟೆಗೆ ಆಯಿತು ಎಂಬ ಲೆಕ್ಕ ಬೇಕು, ಆಗ ಮುಂದಿನ ಚಿತ್ರವನ್ನು ಇನ್ನೂ ಸರಿಯಾಗಿ ಓದುತ್ತಾರೆ ಎಂದು ಅವನು ಹೇಳುತ್ತಿದ್ದ. ಗಾಳಿ ಶುರುವಾದದ್ದು ಐದು ಮೂವತ್ತೈದು. ದಿಕ್ಕು ಪಡುವಣ, ಆಮೇಲೆ ತೆಂಕಣ. ಸತ್ತ ಕುರಿ ಹದಿನೇಳು, ಎಲ್ಲವೂ ಕತ್ತರಿಸಿದವು. ಅದರ ಕೆಳಗೆ ಬರೆದಳು: ಸೂಚನೆ ಮಂಗಳವಾರ ಬೆಳಿಗ್ಗೆಯೇ ಬಂದಿತ್ತು. ಸಿದ್ದಕ್ಕ ಎಂಬ ಗುಮಾಸ್ತೆ ಅದನ್ನು ತಾರೀಖು ಹೇಳದೆ ಪರವಾ ಎಂದು ಫೋನಿನಲ್ಲಿ ತಿಳಿಸಿದ್ದರಿಂದ ಮೊನ್ನೆಯ ಗಾಳಿಯೆಂದು ಅರ್ಥವಾಗಿ, ಬುಧವಾರ ಕತ್ತರಿ ಹಾಕಲಾಯಿತು.

ಮಾಯಪ್ಪ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಅವನಿಗೆ ಓದು ಬರುತ್ತಿರಲಿಲ್ಲ. "ಓದು," ಎಂದ.

ಅವಳು ಮೊದಲಿನಿಂದ ಓದಿದಳು. ತನ್ನ ಹೆಸರು ಬಂದಾಗ ದನಿ ತಗ್ಗಿಸಲಿಲ್ಲ.

"ಅದ್ಯಾಕ ಬರದಿ?" ಎಂದ ಅವನು. "ಗಾಳಿಗೆ ಸತ್ತುವು ಅಂತ ಬರದ್ರ ಸಾಕಾಗೂದಿಲ್ಲೇನು? ನಿಮ್ಮ ಬಾಳಪ್ಪ ನಿನ್ನ ಕೆಲಸಾ ತಗದಾನು."

"ತಗದ್ರ ತಗೀಲಿ. ಬರೇ ಗಾಳಿಗೆ ಸತ್ತಿಲ್ಲಲ್ಲ ಕಾಕಾ. ಇದೊಂದು ಮ್ಯಾಲಿಂದ ಕಾಣೂದಿಲ್ಲ ಅವರಿಗೆ."

ಮಾಯಪ್ಪ ಮೊಣಕಾಲಿಗೆ ಕೈಯೂರಿ ಎದ್ದು ಶೆಡ್ಡಿನ ಪಡುವಣ ತುದಿಗೆ ಹೋದ. ಅಲ್ಲಿ ಬಾಗಿ ಒಂದು ಟಗರಿನ ಕಿವಿ ಮುಟ್ಟಿದ, ಮೂಗಿನ ಮುಂದೆ ಅಂಗೈ ಹಿಡಿದ, ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದ. ಅದರ ಅರ್ಧ ಮೈಮೇಲೆ ಇನ್ನೂ ಉಣ್ಣೆಯಿತ್ತು.

"ಹದಿನೆಂಟ ಮಾಡು," ಎಂದು ಅಲ್ಲಿಂದಲೇ ಹೇಳಿದ.

ಅವಳು ಎರಡೂ ಹಾಳೆಗಳಲ್ಲಿ ಹದಿನೇಳನ್ನು ಹೊಡೆದು ಹದಿನೆಂಟು ಬರೆದಳು.